ಇಣುಕಪ್ಪನ ತೆಕ್ಕೆ

ಹೊಲಿಗೆ ಅಕ್ಕ ಇಣುಕಪ್ಪನನ್ನು ಮೊದಲ ಸಲ ಕಂಡ ದಿನ ಅವನ ಮುಖ ಎಷ್ಟೋ ಹೊತ್ತು ಕಾಣಿಸಲೇ ಇಲ್ಲ. ಅವಳ ಗಂಡ ಯಾರದೋ ಮನೆಯಿಂದ ಹಳೆಯ ಟೀವಿಯೊಂದನ್ನು ತಂದಿದ್ದರು. ನಾಲ್ಕು ಕಾಲು, ಮರದ ಮೈ, ಎದುರಿಗೆ ಎಳೆದು ಮುಚ್ಚುವ ಬಾಗಿಲು, ಆ ಬಾಗಿಲಿಗೊಂದು ಬೀಗ ಬೇರೆ. ಟೀವಿ ಹಾಕಿದರೆ ಚಿತ್ರ ಕೆಳಗಿನಿಂದ ಮೇಲಕ್ಕೆ ಉರುಳುತ್ತಲೇ ಇರುತ್ತಿತ್ತು. ರಿಪೇರಿಗೆ ಬಂದವನು ಅದರ ಬೆನ್ನ ಹಿಂದೆ ಕುಕ್ಕರುಗಾಲಿನಲ್ಲಿ ಕೂತ. ಮರದಾಚೆ ಬರೀ ಕೂದಲು ಕಾಣುತ್ತಿತ್ತು.

"ಯಾರಾದ್ರೂ ಮುಂದೆ ಕೂತ್ಕೊಳ್ಳಿ. ನನ್ನ ಕನ್ನಡಿ ಮರ್ತು ಬಂದಿದೀನಿ."

ಒಬ್ಬನೇ ಇದ್ದಾಗ ಎದುರಿಗೆ ಕನ್ನಡಿ ನಿಲ್ಲಿಸಿ, ಹಿಂದೆ ಕೂತೇ ಚಿತ್ರ ನೋಡಿಕೊಳ್ಳುವುದು ಅವನ ಪದ್ಧತಿ. ಗಂಡ ಮುಂದೆ ಕೂತರು. "ಈಗ?" ಎಂದರೆ "ಪರವಾಗಿಲ್ಲ" ಅಂದರು. ಮತ್ತೆ "ಈಗ?" ಎಂದರೆ "ಚೆನ್ನಾಗಿದೆ" ಅಂದರು. ಚೆನ್ನಾಗೇನೂ ಇರಲಿಲ್ಲ, ಅವರಿಗೆ ಕೆಲಸಕ್ಕೆ ಹೊತ್ತಾಗಿತ್ತು ಅಷ್ಟೆ. ಹೊಸದಾಗಿ ಮದುವೆಯಾಗಿ ಬಂದಿದ್ದ ಅಕ್ಕನಿಗೆ ತಡೆಯಲಾಗಲಿಲ್ಲ.

"ಚೆನ್ನಾಗಿಲ್ಲ. ಉರುಳೋದು ನಿಂತಿದೆ. ಆದ್ರೆ ವಾರ್ತೆ ಓದೋನ ಹಣೆ ಗೇಣುದ್ದ ಇದೆ, ಗದ್ದ ಇಲ್ವೇ ಇಲ್ಲ. ಅವನ ಹಿಂದಿನ ಗೋಡೆ ಬಾಗಿದೆ."

ಮರದ ಮೇಲಿನಿಂದ ಎರಡು ಕಣ್ಣು ಇಣುಕಿದವು. "ಅಕ್ಕಾ, ಏಳ್ಬೇಡ. ಅಲ್ಲೇ ಕೂತಿರು!"

ವಯಸ್ಸಿನಲ್ಲಿ ಅವನೇ ದೊಡ್ಡವನು. ಆದರೂ ಅಂದಿನಿಂದ ಅವನ ಬಾಯಲ್ಲಿ ಅವಳು ಅಕ್ಕ; ಹಾಗೆ ಇಣುಕಿ ಇಣುಕಿ ಕೇಳುತ್ತಿದ್ದದ್ದಕ್ಕೆ ಬೀದಿಯ ಬಾಯಲ್ಲಿ ಅವನು ಇಣುಕಪ್ಪ.

ಆಮೇಲೆ ಕಷ್ಟದ ಟೀವಿ ಬಂದಾಗೆಲ್ಲ ಅವನ ರಿಪೇರಿ ಅಂಗಡಿಯಿಂದ ಅವಳಿಗೆ ಕರೆ ಬರುತ್ತಿತ್ತು. ಅವನು ಮಾಳಿಗೆ ಹತ್ತಿ ಆಂಟೆನಾ ತಿರುಗಿಸಿದರೆ ಅವಳು ಕಿಟಕಿಯಲ್ಲಿ ನಿಂತು "ಮಂಜು ಬಿದ್ದಂಗಿದೆ, ಇನ್ನೂ ತಿರುಗಿಸು" ಎಂದು ಕೂಗುವಳು. ಬಣ್ಣದ ಟೀವಿ ಬಂದಾಗ ಜನಕ್ಕೆ ಬಣ್ಣದ ಹುಚ್ಚು ಹಿಡಿಯಿತು. ಟೀವಿಯ ಗುಂಡಿ ತಿರುಗಿಸಿದ್ದೇ ತಿರುಗಿಸಿದ್ದು, ಕಂಡವರ ಮುಖವೆಲ್ಲ ಕಿತ್ತಳೆ ಹಣ್ಣು. "ಮನುಷ್ಯರ ಬಣ್ಣಕ್ಕೆ ಬಂದ್ರೆ ಹೇಳಕ್ಕಾ" ಎನ್ನುವನು ಹಿಂದಿನಿಂದ. ಅವಳು ತನ್ನ ಅಂಗೈಯನ್ನು ಪರದೆಯ ಪಕ್ಕ ಹಿಡಿದು, ನೋಡಿ, ಹೇಳುವಳು.

ಗಂಡ ತೀರಿಕೊಂಡ ಮೇಲೆ ಅವಳು ಹೊಲಿಗೆ ಮೆಷಿನ್ನನ್ನು ಆ ಅಂಗಡಿಯ ಜಗಲಿಗೇ ತಂದು ಹಾಕಿಕೊಂಡಳು. ಟೀವಿಗೆ ಹೊದಿಕೆ ಹೊಲಿಯುವುದು ಆಗ ಒಳ್ಳೆಯ ಕಸುಬು. ಅಂಚಿಗೆ ನೆರಿಗೆ, ಹಿಂಬದಿಯ ಗೂನಿಗೆ ಬೇರೆ ಕತ್ತರಿಕೆ. ರಿಮೋಟು ಬಂದಾಗ ಅದಕ್ಕೂ ಒಂದು ಅಂಗಿ. "ನಾನು ವೈದ್ಯ, ನೀನು ದರ್ಜಿ. ಇನ್ನು ಇದಕ್ಕೊಂದು ಹೆಣ್ಣು ನೋಡೋದೊಂದೇ ಬಾಕಿ" ಎಂದು ಅವನು ನಗಿಸುತ್ತಿದ್ದ.

ಆ ಟೀವಿಗಳ ಭಾರವೆಲ್ಲ ಮುಂದಿನ ಗಾಜಿನಲ್ಲಿ. ಎತ್ತಬೇಕೆಂದರೆ ಗಾಜನ್ನು ಎದೆಗೆ ಒತ್ತಿಕೊಂಡು, ಎರಡೂ ಕೈಯಲ್ಲಿ ತೆಕ್ಕೆಗೆ ತೆಗೆದುಕೊಳ್ಳಬೇಕು; ಇಲ್ಲದಿದ್ದರೆ ಮುಗ್ಗರಿಸುವುದೇ ಸೈ. ಇಣುಕಪ್ಪ ಎತ್ತುವುದನ್ನು ನೋಡಿದರೆ ಸಂತೆಯಲ್ಲಿ ಕಳೆದುಹೋಗಿದ್ದ ತಮ್ಮ ಸಿಕ್ಕನೇನೋ ಅನ್ನಿಸಬೇಕು.

ಕಡೆಗೆ ಚಪ್ಪಟೆ ಟೀವಿಗಳು ಬಂದವು. ಮೊಳೆಗೆ ನೇತುಹಾಕುವಂಥವು. ಹಿಂದೆ ಕೂರಲು ಜಾಗವಿಲ್ಲ, ಹೊದಿಸಲು ಮೈಯಿಲ್ಲ. ಅಕ್ಕ ಹೇಗೋ ದಿಂಬಿನ ಚೀಲಕ್ಕೆ ತಿರುಗಿಕೊಂಡಳು. ಇಣುಕಪ್ಪ ಎಲ್ಲಿಗೆ ತಿರುಗಬೇಕು? ಕೆಟ್ಟರೆ ಜನ ಹೊಸದನ್ನೇ ತರುತ್ತಿದ್ದರು. ಅವನು ಬರೀ ಮೇಜು ಒರೆಸಿಕೊಂಡು ಕೂತಿರುತ್ತಿದ್ದ. ಅವನ ಮಗಳು ಬಂದು, "ಅಪ್ಪಾ, ಸಾಕು. ಬಾಗಿಲು ಹಾಕಿ ನಮ್ಮನೆಗೆ ಬಾ" ಎಂದಳು.

"ಒಂದೇ ಒಂದು ಚಪ್ಪಟೆ ಟೀವಿ ಸರಿಮಾಡಿ ತೋರಿಸ್ತೀನಮ್ಮಾ. ಆಗ್ಲಿಲ್ಲ ಅಂದ್ರೆ ಬೀಗದ ಕೈ ನಾನೇ ಕೊಡ್ತೀನಿ."

ಸಿಕ್ಕಿದ್ದು ಎದುರಿನ ಕ್ಷೌರದಂಗಡಿಯವನ ಟೀವಿ. ಕೆಂಪು ದೀಪ ಮಿಟುಕಿಸಿ ಸುಮ್ಮನಾಗುತ್ತಿತ್ತು. ಇಣುಕಪ್ಪ ಅದನ್ನು ಬೋರಲು ಮಲಗಿಸಿ ಬಿಚ್ಚಿದ. ಬೆರಳ ತುದಿಯಷ್ಟು ದಪ್ಪದ, ಕರೆಂಟು ಹಿಡಿದಿಡುವ ಡಬ್ಬಿಯೊಂದರ ತಲೆ ಉಬ್ಬಿಕೊಂಡಿತ್ತು. ಅದನ್ನು ಕಿತ್ತು ಬೇರೆ ಕೂರಿಸಿ, ಗೋಡೆಗೆ ಒರಗಿಸಿ ನಿಲ್ಲಿಸಿ, ತಾನು ಮಾತ್ರ ಅಭ್ಯಾಸಬಲದಿಂದ ಪಕ್ಕಕ್ಕೆ ಸರಿದು ನಿಂತ. "ಅಕ್ಕಾ, ನೋಡು."

ಅಕ್ಕ ಕನ್ನಡಕ ಒರೆಸಿಕೊಂಡು ಮೂಲೆ ಮೂಲೆ ನೋಡಿದಳು. "ಬಂದಿದೆ. ಎಲ್ಲೂ ಕಲೆ ಇಲ್ಲ, ಗೆರೆ ಇಲ್ಲ. ಮುಖ ಮುಖದ ಬಣ್ಣದಲ್ಲೇ ಇದೆ."

ಅವನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಂತಿ ಕಿತ್ತ, ಈಗಲೇ ಕೊಟ್ಟು ಬರ್ತೀನಿ ಎಂದ, ಎತ್ತಿದ. ಹೇಗೆ ಎತ್ತಿದ? ಜೀವಮಾನವೆಲ್ಲ ಎತ್ತಿದ ಹಾಗೇ. ಎದೆಗೆ ಒತ್ತಿಕೊಂಡು, ತೆಕ್ಕೆಯಲ್ಲಿ.

ಚಟ್ ಎಂದಿತು. ಮತ್ತೆ ಹಾಕಿ ನೋಡಿದರೆ ಪರದೆಯ ತುಂಬ ಮಸಿ ಚೆಲ್ಲಿದ ಜೇಡರ ಬಲೆ.

ಕ್ಷೌರದವನು ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದ. "ಅಲ್ಲಯ್ಯಾ, ರೋಗದಿಂದ ಬದುಕಿಸಿ ಪ್ರೀತಿಯಿಂದ ಕೊಂದೆಯಲ್ಲೋ!" ಇಣುಕಪ್ಪ ನಗಲಿಲ್ಲ. ತನ್ನ ಮನೆಯ ಟೀವಿಯನ್ನು ಅವನಿಗೆ ಕೊಟ್ಟು ಬಂದ.

ಮಗಳು ಬರುವ ಹೊತ್ತಿಗೆ ಬೀಗದ ಕೈ ಮೇಜಿನ ಮೇಲಿತ್ತು.

"ಹೇಳು ಅವಳಿಗೆ, ಚಿತ್ರ ಬಂದಿತ್ತು ಅಂತ" ಎಂದಳು ಅಕ್ಕ.

"ಒಡೆದ ಟೀವಿ ಎದುರಿಗಿಟ್ಕೊಂಡು ಸರಿಮಾಡಿದ್ದೆ ಅಂದ್ರೆ ಯಾರು ನಂಬ್ತಾರೆ, ಬಿಡು."

ಮಗಳು ಬೀಗದ ಕೈಯನ್ನೂ ಮಸಿಬಲೆಯನ್ನೂ ನೋಡಿದಳು. "ಆಗ್ಲಿಲ್ವಾ ಅಪ್ಪಾ?"

ಅಕ್ಕ ಮೆಷಿನ್ ನಿಲ್ಲಿಸಿದಳು. "ಆಗಿತ್ತು. ನಾನು ನೋಡಿದೀನಿ. ಒಳಗಿನ ರೋಗ ವಾಸಿಯಾಗಿತ್ತು. ಒಡೆದಿದ್ದು ಎತ್ತುವಾಗ. ರಿಪೇರಿ ಬರುತ್ತೆ ನಿಮ್ಮಪ್ಪಂಗೆ, ಎತ್ತೋಕೆ ಬರಲ್ಲ."

ಮಗಳು ಅಕ್ಕನ ಕಡೆ ತಿರುಗಿದಳು. ಆಮೇಲೆ ನಕ್ಕುಬಿಟ್ಟಳು. "ಮದುವೆ ದಿನ ಊರೆಲ್ಲ ನನ್ನ ಹೊಗಳ್ತಿದ್ರೆ, ಒಂದು ಕೆನ್ನೆಗೆ ಪೌಡರ್ ಜಾಸ್ತಿ ಆಗಿದೆ ಅಂದೋರು ನೀವೊಬ್ರೇ. ನೀವು ಬಂದಿತ್ತು ಅಂದ್ರೆ ಬಂದಿತ್ತು." ಬೀಗದ ಕೈಯನ್ನು ಅಪ್ಪನ ಜೇಬಿಗೆ ಹಾಕಿದಳು. "ಅಂಗಡಿ ಇರ್ಲಿ. ಆದ್ರೆ ಒಬ್ನೇ ಎತ್ತಕೂಡದು. ಆ ಕಡೆ ಅಕ್ಕ, ಈ ಕಡೆ ನೀನು. ಅಂಚು ಹಿಡ್ಕೊಂಡು."

ಹಾಗೇ ನಡೆಯಿತು. ಕ್ಷೌರದವನೇ ಬಂದವರಿಗೆಲ್ಲ ಹೇಳಿ ಕೆಟ್ಟ ಟೀವಿಗಳನ್ನು ಕಳಿಸತೊಡಗಿದ. ಅಕ್ಕ ಮೇಜಿಗೊಂದು ಮೆತ್ತನೆಯ ಹಾಸು ಹೊಲಿದಳು. ಇಬ್ಬರೂ ಎರಡು ಅಂಚು ಹಿಡಿದು, ಮಲಗಿದ ಮಗುವಿನ ತೊಟ್ಟಿಲನ್ನು ಸರಿಸುವವರ ಹಾಗೆ ಉಸಿರು ಬಿಗಿಹಿಡಿದು ನಡೆಯುತ್ತಿದ್ದರು. ಅರ್ಧ ದಾರಿಯಲ್ಲಿ ಅವನ ತೋಳು ತಾನಾಗಿ ಮಡಚಿಕೊಳ್ಳುತ್ತಿತ್ತು. "ಕೈ! ಕೈ!" ಎಂದು ಅಕ್ಕ ಗದರುವಳು. "ಗೊತ್ತು ಮಾರಾಯ್ತಿ" ಎನ್ನುವನು ಅವನು, ಗೊತ್ತಿಲ್ಲದವನ ಹಾಗೆ.

ಅವನು ಹೋದದ್ದು ನಿದ್ದೆಯಲ್ಲಿ. ಹಿಂದಿನ ಸಂಜೆ ಅಕ್ಕ ಮೆಷಿನ್ನಿಗೆ ಮುಸುಕು ಹಾಕಿ ಹೊರಟಿದ್ದಳು. ಬಾಗಿಲ ಬಳಿ, ಗೋಡೆಗೆ ಒರಗಿ, ಮರುದಿನ ಕೊಟ್ಟು ಬರಬೇಕಾಗಿದ್ದ ಹಾಸಿಗೆಯಗಲದ ಟೀವಿಯೊಂದು ನಿಂತಿತ್ತು. ಇಣುಕಪ್ಪ ಅದರ ಪಕ್ಕ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ.

"ನೋಡು, ಮುಟ್ಟೇ ಇಲ್ಲ," ಅಂದ. "ನಾಳೆ ಸ್ವಲ್ಪ ಬೇಗ ಬರ್ತೀಯಾ ಅಕ್ಕಾ?"