ಮುಂದಿನ ಸೀಟಿನ ಬೆಳ್ಳಿ ಪಿನ್ನು

“ಇಲ್ಲದ ಮಗಳ ಕಥೆ ಹೇಳಿ ನನ್ನ ಮಗಳನ್ನ ಮರುಳು ಮಾಡ್ತೀಯಾ? ಸುಳ್ಳುಗಾರ!”

ಮಿದೆಲ್ತ್ ಊರಾಚೆಯ ಹೋಟೆಲ್ಲಿನ ಅಂಗಳ. ಸೂರ್ಯ ಇನ್ನೂ ಬೆಟ್ಟದ ಹಿಂದೆಯೇ ಇದ್ದಾನೆ. ಬಕೆಟ್ಟು ಪಕ್ಕಕ್ಕಿಟ್ಟು ವ್ಯಾನಿನ ಗಾಜು ಒರೆಸುತ್ತಿದ್ದ ಚಾಲಕ ಬೆನಾಸರ್ ಅವರ ಕಾಲ ಬಳಿ ಒಂದು ಬೆಳ್ಳಿ ಪಿನ್ನು ಬಂದು ಬೀಳುತ್ತದೆ. ನಮ್ಮ ಹೆಂಗಸರು ಹೊದ್ದ ಬಟ್ಟೆ ಜಾರದಂತೆ ಹೆಗಲಿಗೆ ಚುಚ್ಚಿಕೊಳ್ಳುವಂಥದ್ದು, ಅಂಗೈ ಅಗಲದ್ದು. ಎಸೆದವನು ಫ್ರಾನ್ಸಿನ ಥಿಯರಿ. ಹೆಂಡತಿ, ಮಗಳು, ಮಗನನ್ನು ಕಟ್ಟಿಕೊಂಡು ಇದೇ ವ್ಯಾನಿನಲ್ಲಿ ಮರಾಕೆಷ್‌ನಿಂದ ಮರಳುಗಾಡಿನವರೆಗೆ ಹೋಗಿ ಬಂದವನು. ಅಂಗಳದಲ್ಲಿ ಬೇರೆ ಚಾಲಕರಿದ್ದಾರೆ, ಅಡುಗೆಯವರಿದ್ದಾರೆ, ಪೆಟ್ಟಿಗೆ ಕಟ್ಟುತ್ತಿದ್ದ ಬೇರೆ ಪ್ರವಾಸಿಗಳಿದ್ದಾರೆ. ಎಲ್ಲರ ಕೈಯೂ ನಿಂತುಹೋಗಿದೆ.

“ಹನ್ನೆರಡು ವರ್ಷದ ಹುಡುಗಿ. ಅವಳ ದಿಂಬಿನ ಕೆಳಗೆ ಸಿಕ್ತು ಇದು. ಅಪ್ಪ ಅಮ್ಮನಿಗೆ ಗೊತ್ತಾಗದ ಹಾಗೆ ಹುಡುಗಿಗೆ ಒಡವೆ ಕೊಡೋನು ಎಂಥವನು? ಈಗಷ್ಟೇ ನಿಮ್ಮ ಆಫೀಸಿನವನನ್ನ ಫೋನಲ್ಲಿ ಎಬ್ಬಿಸಿ ಕೇಳಿದೆ. ನಿನಗೆ ಮಕ್ಕಳೇ ಇಲ್ವಂತೆ! ಮೊದಲನೇ ದಿನ ನಮ್ಮ ಹತ್ರ ಏನಂದಿದ್ದೆ?”

ಮೊದಲನೇ ದಿನ ಬೆನಾಸರ್ ಅಂದದ್ದು ಇಷ್ಟೇ: “ಒಬ್ಬಳು ಮಗಳಿದ್ದಾಳೆ. ಇಜ್ಜಾ ಅಂತ. ಈ ಮಕ್ಕಳ ವಯಸ್ಸೇ.”

ಪಕ್ಕದಲ್ಲಿ ಮುಸುರೆ ಕೈಯಲ್ಲೇ ನಿಂತಿದ್ದ ಅಡುಗೆಯ ಅಲ್ಲಾಲ್ ನಮ್ಮ ಮಾತಿನಲ್ಲಿ ಹಲ್ಲು ಕಚ್ಚಿ ಪಿಸುಗುಟ್ಟುತ್ತಾನೆ. “ಬಾಯಿ ಬಿಡೋ ಮಾರಾಯ! ಹೇಳು ಅವನಿಗೆ. ಒಂದು ಮಾತು ಹೇಳು, ಅವನೇ ಕಾಲಿಗೆ ಬೀಳ್ತಾನೆ.”

ಬೆನಾಸರ್ ಬಟ್ಟೆಯನ್ನು ಹಿಂಡಿ ಬಕೆಟ್ಟಿನ ಅಂಚಿಗೆ ಹಾಕುತ್ತಾರೆ.

ಈ ಕಸುಬಿನಲ್ಲಿ ಮನುಷ್ಯನಿಗೆ ಇರುವುದು ಹೆಸರೊಂದೇ. ವ್ಯಾನು ಕಂಪನಿಯದು, ರಸ್ತೆ ಸರ್ಕಾರದ್ದು, ಬೆಟ್ಟ ದೇವರದ್ದು. ಒಂದು ಕುಟುಂಬ ಫೋನೆತ್ತಿ ‘ಈ ಚಾಲಕ ಸರಿಯಿಲ್ಲ’ ಅಂದರೆ ಸಾಕು, ನಾಳೆಯಿಂದ ಆ ಕೈಗೆ ಸ್ಟೀರಿಂಗ್ ಕೊಡುವವರಿಲ್ಲ. ಅದರಲ್ಲೂ ಇಂಥ ಮಾತು! ಕಳ್ಳ ಅನ್ನಿಸಿಕೊಂಡವನು ಬೇರೆ ಊರಿಗೆ ಹೋಗಿ ಬದುಕಬಹುದು. ಈ ಮಾತು ಹೊತ್ತವನಿಗಿಂತ ಮುಂಚೆ ಮಾತೇ ಊರು ತಲುಪಿರುತ್ತದೆ. ಅಂಗಳದಲ್ಲಿ ನಿಂತ ಪ್ರತಿಯೊಬ್ಬ ಚಾಲಕನಿಗೂ ಇದು ಗೊತ್ತು. ಬೆನಾಸರ್ ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ತಲೆ ಮುಕ್ಕಾಲು ನರೆತ ಈ ಮನುಷ್ಯ ತಿನೆಜ್ದಾದ್ ಕಡೆಯವರು. ಕುರಿ ಕಾಯ್ದವರು, ಲಾರಿಯಲ್ಲಿ ಕ್ಲೀನರ್ ಆಗಿದ್ದವರು, ಕೊನೆಗೆ ಪ್ರವಾಸಿಗಳ ವ್ಯಾನಿಗೆ ಬಂದವರು. ವರ್ಷದಲ್ಲಿ ಮುಕ್ಕಾಲು ಪಾಲು ಇವರು ಮಲಗುವುದು ಪರರ ಊರಿನ ಚಾಪೆಯ ಮೇಲೆ. ಹಗಲೆಲ್ಲ ಒಂದೇ ವ್ಯಾನಿನಲ್ಲಿ ಕೂತ ಕುಟುಂಬ ಹೋಟೆಲಿನ ಮಹಡಿಯಲ್ಲಿ ಉಂಡರೆ, ಚಾಲಕನ ಊಟ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ. “ಅಲ್ಲಿ ಊಟ ಬಿಸಿ ಇರುತ್ತೆ, ಸುಳ್ಳು ಹೇಳಬಾರದು,” ಎಂದು ಬೆನಾಸರ್ ನಗುತ್ತಾರೆ. “ಮೇಲೆ ಹೋಗೋ ಅಷ್ಟರಲ್ಲಿ ಅವರದ್ದು ಆರಿರುತ್ತೆ.”

ಮಕ್ಕಳಿರುವ ಕುಟುಂಬ ಅಂದರೆ ಚಾಲಕರು ಮುಖ ತಿರುಗಿಸುತ್ತಾರೆ. ಅದರಲ್ಲೂ ಹನ್ನೊಂದು ಹನ್ನೆರಡರ ಮಕ್ಕಳು. ಮಡಿಲಲ್ಲಿ ಮಲಗುವ ವಯಸ್ಸು ದಾಟಿದೆ, ಬಾಯಿ ಮುಚ್ಚಿ ಕೂರುವ ವಯಸ್ಸು ಬಂದಿಲ್ಲ. ವ್ಯಾನಿನಲ್ಲಿ ಎಲ್ಲಿ ಕೂರಿಸಿದರೂ ಹೊಂದುವುದಿಲ್ಲ. ಕಿಟಕಿಗೆ ಜಗಳ, ಚಾರ್ಜರಿಗೆ ಜಗಳ, ತಮ್ಮನ ಮೊಣಕೈ ತಾಗಿದರೆ ಮಹಾಯುದ್ಧ. ಘಟ್ಟದ ತಿರುವು ಬಂದರೆ ವಾಂತಿ. ಬೆನಾಸರ್ ಮಾತ್ರ ಅವರನ್ನೇ ಕೇಳಿ ಪಡೆಯುತ್ತಾರೆ. ಘಟ್ಟದ ಬುಡದಲ್ಲಿ ವ್ಯಾನು ನಿಲ್ಲಿಸಿ ಮಕ್ಕಳನ್ನು ಇಳಿಸಿ ನಡೆಸುತ್ತಾರೆ. ಜೀರಿಗೆ, ಉಪ್ಪು ಬೆರೆಸಿದ ಪುಡಿ ಅವರ ಜೇಬಿನಲ್ಲಿ ಸದಾ ಇರುತ್ತದೆ. ಹೊಟ್ಟೆ ತೊಳಸುವ ಮಗುವಿಗೆ ಮುಂದಿನ ಸೀಟು.

ಥಿಯರಿಯ ಮಗಳು ಎಲೋದಿ ಹಾಗೇ ಮುಂದಿನ ಸೀಟಿಗೆ ಬಂದವಳು. ತಿಚ್ಕಾ ಘಟ್ಟ ಹತ್ತುವವರೆಗೆ ಕಿವಿಗೆ ಹೆಡ್‌ಫೋನು, ಮುಖಕ್ಕೆ ಮೋಡ. ಎರಡು ಸಲ ವಾಂತಿಯಾದ ಮೇಲೆ ಬೆನಾಸರ್ ಪಕ್ಕ ಬಂದು ಕೂತಳು, ಆಮೇಲೆ ಬಿಟ್ಟು ಏಳಲಿಲ್ಲ. ಹಿಂದಿನಿಂದ ತಮ್ಮ ಬಾಸ್ತಿಯಾನ್ ಕೂಗುತ್ತಿದ್ದ.

“ಬೆನ್, ಇನ್ನೆಷ್ಟು ದೂರ?”

“ಆ ಬೆಟ್ಟದ ಹಿಂದೇನೇ.”

“ಹೋದ ಬೆಟ್ಟಕ್ಕೂ ಹಾಗೇ ಅಂದ್ರಿ!”

“ಹೋದ ಬೆಟ್ಟ ಸುಳ್ಳು ಹೇಳ್ತಪ್ಪ. ಅದಕ್ಕೆ ನಾನೇನು ಮಾಡ್ಲಿ?”

ಅಪ್ಪ ಅಮ್ಮ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದರು. ಮಕ್ಕಳಿಗೆ ಜಗತ್ತು ತೋರಿಸಲೆಂದು ಬಂದವರು, ತೋರಿಸುವ ಕೆಲಸವನ್ನು ಬೆನಾಸರ್ ಅವರಿಗೆ ಬಿಟ್ಟು ನಿದ್ದೆ ಹೋಗಿದ್ದರು.

ಆಫೀಸಿನವನು ಹೇಳಿದ್ದು ಸುಳ್ಳೇನಲ್ಲ. ಬೆನಾಸರ್ ಅವರಿಗೆ ಈಗ ಮಕ್ಕಳಿಲ್ಲ.

ಇಜ್ಜಾಗೆ ಹನ್ನೊಂದು ತುಂಬಿತ್ತು. ಬೇಸಿಗೆಯ ಒಂದು ಸಂಜೆ ರೊಟ್ಟಿ ಒಲೆಗೆ ಕಟ್ಟಿಗೆ ತರಲು ಹೋದವಳಿಗೆ ಸೌದೆ ರಾಶಿಯಲ್ಲಿದ್ದ ಚೇಳು ಕುಟುಕಿತು. ಊರಿನಲ್ಲಿ ಗಾಡಿಯಿರಲಿಲ್ಲ. ಇದ್ದ ಒಬ್ಬನೇ ಚಾಲಕ, ಅವಳ ಅಪ್ಪ, ಮರಳುಗಾಡಿನಲ್ಲಿ ಯಾರದೋ ಮಕ್ಕಳನ್ನು ಒಂಟೆ ಹತ್ತಿಸಿ, ಫೋನಿಗೆ ಸಿಗ್ನಲ್ ಸಿಗದ ಗುಡಾರದ ಬಳಿ ಕಾಯುತ್ತಿದ್ದ. ಬೆಳಗ್ಗೆ ಒಂಟೆಗಳು ಮರಳಿದವು, ಫೋನೂ ಬಡಿದುಕೊಂಡಿತು. ಹೆಂಡತಿ ತುದಾಳ ಅಣ್ಣ ಮಾತಾಡಿದ. ಮಧ್ಯಾಹ್ನದ ನಮಾಜಿಗೆ ಮಣ್ಣು. ಅಷ್ಟರೊಳಗೆ ಅಲ್ಲಿಂದ ಊರು ಮುಟ್ಟುವ ಮಾತೇ ಇರಲಿಲ್ಲ.

“ಹೋಗಿ ನೋಡೋದೇನಿತ್ತು, ಮಣ್ಣಾ?” ಎನ್ನುತ್ತಾರೆ ಬೆನಾಸರ್. “ಹಿಂದೆ ಇಬ್ಬರು ಮಕ್ಕಳು ಕೂತಿದ್ರು. ಅವರಿಗೆ ಏನಂತ ಹೇಳ್ಲಿ? ಮುಖ ತೊಳ್ಕೊಂಡೆ. ಗಾಡಿ ತೆಗೆದೆ.”

ಯಾರಿಗೂ ಹೇಳದೆ ಆ ಕುಟುಂಬವನ್ನು ಉತ್ತರದ ಬಂದರಿನವರೆಗೂ ಬಿಟ್ಟು ಬಂದರು. ಆ ಕುಟುಂಬ ಊರಿಗೆ ಹೋಗಿ ಇಂಟರ್‌ನೆಟ್ಟಿನಲ್ಲಿ ಬರೆಯಿತು: ನಮ್ಮ ಚಾಲಕ ಸದಾ ನಗುಮುಖದವನು. ಕಂಪನಿ ಅದನ್ನು ಚೌಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ತೂಗುಹಾಕಿದೆ. ಬಂದವರೆಲ್ಲ ಓದುತ್ತಾರೆ. ನಗುತ್ತಿದ್ದವನ ಹಲ್ಲಿನ ಹಿಂದೆ ಏನಿತ್ತು ಎಂದು ಕೇಳಿದ ಒಬ್ಬ ಗಂಡಸೂ ಆ ಕಟ್ಟಡದಲ್ಲಿಲ್ಲ.

ಊರು ಮುಟ್ಟಿದಾಗ ತುದಾ ಬೈಯಲಿಲ್ಲ, ಅಳಲೂ ಇಲ್ಲ. ಮದುವೆಗೆಂದು ಮಗಳಿಗೆ ತೆಗೆದಿಟ್ಟ ಜೋಡಿ ಪಿನ್ನು ಪೆಟ್ಟಿಗೆಯಲ್ಲಿತ್ತು, ತುದಾಳ ಅಜ್ಜಿಯ ಕಾಲದ್ದು. ಒಂದನ್ನು ತಾನಿಟ್ಟುಕೊಂಡಳು. ಇನ್ನೊಂದನ್ನು ಗಂಡನ ಅಂಗೈಗೆ ಹಾಕಿದಳು.

“ರಸ್ತೆ ತೋರಿಸ್ತೀನಿ, ಸಮುದ್ರ ತೋರಿಸ್ತೀನಿ ಅಂತ ಆಸೆ ಹುಟ್ಟಿಸಿದ್ದೆಯಲ್ಲ. ಕರ್ಕೊಂಡು ಹೋಗು.”

ಅಂದಿನಿಂದ ಆ ಪಿನ್ನು ವ್ಯಾನಿನ ಒಳಗನ್ನಡಿಗೆ ತೂಗುತ್ತಿತ್ತು, ಮುಂದಿನ ಸೀಟಿನ ನೇರಕ್ಕೆ. ಮಕ್ಕಳಿದ್ದಾರಾ ಎಂದು ಪ್ರತಿ ಕುಟುಂಬವೂ ಕೇಳುತ್ತದೆ. ಒಬ್ಬಳಿದ್ದಾಳೆ ಎಂದು ಬೆನಾಸರ್ ಪ್ರತಿ ಸಲವೂ ಹೇಳುತ್ತಾರೆ. ಪಕ್ಕದಲ್ಲಿ ತೂಗುತ್ತಿರುವವಳನ್ನು ಇಲ್ಲ ಅನ್ನಲು ಯಾವ ಅಪ್ಪನಿಗೆ ನಾಲಿಗೆ ಬರುತ್ತದೆ?

ಮರಳುಗಾಡಿನಿಂದ ಮರಳುವ ದಾರಿಯಲ್ಲಿ ಎಲೋದಿ ಅದನ್ನು ಬೆರಳಲ್ಲಿ ತಿರುಗಿಸಿ ನೋಡಿದಳು.

“ಬೆನ್, ಇದು ತುಂಬಾ ಚೆನ್ನಾಗಿದೆ.”

“ತಗೋ ಮಗಳೇ, ನಿಂದೇ.”

ನಮ್ಮಲ್ಲಿ ಹಾಗೆ ಅನ್ನಲೇಬೇಕು. ಮನೆಗೆ ಬಂದವರ ಕಣ್ಣು ಒಂದು ವಸ್ತುವಿನ ಮೇಲೆ ನಿಂತರೆ ‘ತಗೊಳ್ಳಿ, ನಿಮ್ಮದೇ’ ಎನ್ನಬೇಕು. ಬಂದವರು ‘ಬೇಡ, ನಿಮ್ಮಲ್ಲೇ ಚೆಂದ’ ಎನ್ನಬೇಕು. ಮೂರು ಸಲ ಹೀಗೆ ಮಾತಿನಲ್ಲಿ ತಳ್ಳಾಡಿ, ವಸ್ತು ಇದ್ದಲ್ಲೇ ಉಳಿದು, ಇಬ್ಬರ ಮರ್ಯಾದೆಯೂ ಉಳಿಯಬೇಕು. ನಮ್ಮೂರ ಮೂರು ವರ್ಷದ ಕೂಸಿಗೂ ಇದು ಗೊತ್ತು. ಅಷ್ಟು ದಿನ ಪಕ್ಕದಲ್ಲಿ ಕೂತು ವಟಗುಟ್ಟಿದ ಹುಡುಗಿ ನಮ್ಮವಳಲ್ಲ ಎಂಬುದೇ ಬೆನಾಸರ್ ಅವರಿಗೆ ಮರೆತುಹೋಗಿತ್ತು. ಎಲೋದಿ ಬೇಡವೆನ್ನಲಿಲ್ಲ. ಎರಡೂ ಕೈ ಚಾಚಿ ತೆಗೆದುಕೊಂಡಳು, ಕಣ್ಣು ತುಂಬಿಕೊಂಡಳು, ಜಾಕೆಟ್ಟಿನ ಒಳಗೆ ಎದೆಯ ಹತ್ತಿರ ಇಟ್ಟುಕೊಂಡಳು. ಆ ವಯಸ್ಸಿನ ಮಕ್ಕಳಿಗೆ ತಮ್ಮದೇ ಒಂದು ಗುಟ್ಟು ಬೇಕು. ಹಿಂದಿನ ಸೀಟಿಗೆ ಹೇಳಲಿಲ್ಲ.

ಆ ಸಂಜೆ ಇದೇ ಹೋಟೆಲ್ಲಿನ ಚಾಲಕರ ಕೋಣೆಯಲ್ಲಿ ಅಲ್ಲಾಲ್ ಸಾರಿನ ಬಟ್ಟಲು ಇಡುತ್ತ ಬೈದಿದ್ದ. “ಕೊಟ್ಟೇಬಿಟ್ಟೆಯಾ? ನಿನ್ನ ತಲೆ ನೆಟ್ಟಗಿದೆಯೇನೋ? ಹೋಗಿ ವಾಪಸ್ ಕೇಳು.”

“ಕಕ್ಕಿದ್ದನ್ನ ನೆಕ್ಕೋಕೆ ನಾನೇನು ನಾಯಿಯಾ?”

“ಹೋಗ್ಲಿ, ಅದು ಯಾರದ್ದು ಅಂತಾದ್ರೂ ಹೇಳಿದ್ಯಾ ಆ ಹುಡುಗಿಗೆ?”

“ಕೊಡುವಾಗ ಬೆಲೆ ಹೇಳ್ತಾರೇನೋ? ಬೆಲೆ ಹೇಳಿದ್ರೆ ಅದು ಮಾರಾಟ.”

“ತುದಾ ಕೇಳಿದ್ರೆ?”

ಬೆನಾಸರ್ ರೊಟ್ಟಿ ಮುರಿದು ಸಾರಿಗೆ ಅದ್ದಿದರು. “ಇಜ್ಜಾ ಸಮುದ್ರ ದಾಟಿ ಹೋದ್ಲು ಅಂತೀನಿ. ನನ್ನ ಕೈಲಿ ಬಂದರಿನವರೆಗೇ ಆಗೋದು. ಈ ಮಗು ಆಚೆ ದಡ ತೋರಿಸುತ್ತೆ.” ಆಮೇಲೆ ಎಷ್ಟೋ ದಿನದಿಂದ ಒಳಗಿದ್ದ ಮಾತೊಂದನ್ನು ಹೇಳಿದರು. “ನನಗೂ ಒಂದಾಸೆ ಇದೆ ಕಣೋ. ಒಂದೇ ಒಂದು ಸಲ ಹಿಂದಿನ ಸೀಟಲ್ಲಿ ಕೂತು ಹೋಗ್ಬೇಕು. ಪಕ್ಕದಲ್ಲಿ ತುದಾ. ಯಾರಾದ್ರೂ ಓಡಿಸಲಿ. ನಾವು ಕಿಟಕಿ ನೋಡ್ತೀವಿ.”

ಆ ಪಿನ್ನೇ ಈಗ ಅಂಗಳದ ಧೂಳಿನಲ್ಲಿ ಬಿದ್ದಿದೆ.

ಮೆಟ್ಟಿಲ ಮೇಲೆ ಎಲೋದಿ ಬರಿಗಾಲಲ್ಲಿ ನಿಂತಿದ್ದಾಳೆ. ಅಮ್ಮ ಅವಳ ರಟ್ಟೆ ಹಿಡಿದಿದ್ದಾಳೆ. “ನಾನೇ ಚೆನ್ನಾಗಿದೆ ಅಂದಿದ್ದು ಅಪ್ಪಾ! ನಾನೇ ತಗೊಂಡಿದ್ದು!”

“ನೀನು ಸುಮ್ನಿರು. ನಿನಗೆ ಇಂಥವರು ಗೊತ್ತಾಗಲ್ಲ.”

ಇಂಥವರು! ತನ್ನ ಮಗಳ ವಾಂತಿಯನ್ನು ಬರಿಗೈಯಲ್ಲಿ ಬಳಿದವನಿಗೆ ಆಡುವ ಮಾತು ಇದು. ಅಲ್ಲಾಲ್ ತಡೆಯಲಾರದೆ ಮುಂದೆ ನುಗ್ಗುತ್ತಾನೆ. ಅವನ ಫ್ರೆಂಚು ಅಡುಗೆಮನೆಯ ಫ್ರೆಂಚು. “ಯಜಮಾನ್ರೇ, ಕೇಳಿ ಇಲ್ಲಿ, ಇವನ ಮಗಳು...”

“ಅಲ್ಲಾಲ್!” ಬೆನಾಸರ್ ದನಿ ಎತ್ತಿದ್ದು ಇದೊಂದೇ ಸಲ. ಅಡುಗೆಯವನ ತೋಳು ಹಿಡಿದು ತಡೆದು, ನಮ್ಮ ಮಾತಿನಲ್ಲಿ, ಮೆಲ್ಲಗೆ ಹೇಳುತ್ತಾರೆ. “ಬೇಡ. ನನ್ನ ಹೆಸರು ಉಳಿಸ್ಕೊಳ್ಳೋಕೆ ಅವಳ ಹೆಸರನ್ನ ಇಲ್ಲಿ ಹರಾಜು ಹಾಕಬೇಡ. ಆ ಹುಡುಗಿಗೂ ಗೊತ್ತಾಗೋದು ಬೇಡ. ಸತ್ತವಳ ಒಡವೆ ಅಂತ ಹೆದರ್ಕೊಂಡು ಮುಟ್ಟಲ್ಲ ಆಮೇಲೆ.”

“ಹಾಗಾದ್ರೆ ನಿನ್ನ ಕೆಲಸ? ನಿನ್ನ ಮರ್ಯಾದೆ?”

ಬೆನಾಸರ್ ಬಗ್ಗುತ್ತಾರೆ. ಪಿನ್ನು ಎತ್ತಿಕೊಂಡು ತೋಳಿನ ಬಟ್ಟೆಯಲ್ಲಿ ಒರೆಸುತ್ತಾರೆ, ಗಾಜು ಒರೆಸಿದಷ್ಟೇ ನಿಧಾನವಾಗಿ. ಜೇಬಿಗೆ ಹಾಕಿಕೊಳ್ಳುತ್ತಾರೆಂದು ಎಲ್ಲರೂ ಎಣಿಸುತ್ತಾರೆ. ಹಾಕಿಕೊಳ್ಳುವುದಿಲ್ಲ. ವ್ಯಾನಿನ ಬಾಗಿಲು ತೆಗೆದು ಮುಂದಿನ ಸೀಟಿನ ಮೇಲೆ, ಎಲೋದಿ ಕೂರುತ್ತಿದ್ದ ಜಾಗದಲ್ಲಿ, ಅದನ್ನು ಇಡುತ್ತಾರೆ. ವ್ಯಾನಿನ ಕೀಲಿಯನ್ನು ಅದರ ಪಕ್ಕಕ್ಕಿಡುತ್ತಾರೆ. ಜೀರಿಗೆ ಪುಡಿಯ ಪೊಟ್ಟಣವನ್ನೂ ಇಡುತ್ತಾರೆ. ಮುಂದೆ ಇನ್ನೊಂದು ಘಟ್ಟವಿದೆ.

ಬಾಗಿಲು ಮೆಲ್ಲಗೆ ಮುಚ್ಚಿ, ಮೆಟ್ಟಿಲ ಮೇಲಿನ ಹುಡುಗಿಯತ್ತ ನೋಡಿ ಒಮ್ಮೆ ತಮ್ಮ ಎದೆಯ ಮೇಲೆ ಕೈಯಿಡುತ್ತಾರೆ. ಗೇಟಿನ ಕಡೆ ತಿರುಗುತ್ತಾರೆ.

“ಏಯ್! ನಿನ್ನನ್ನೇ ಕೇಳ್ತಿರೋದು!” ಥಿಯರಿಯ ದನಿ ಬೆಟ್ಟಕ್ಕೆ ಬಡಿದು ಮರಳುತ್ತದೆ. “ಮಗಳಿದ್ದಾಳೆ ಅಂದೆಯಲ್ಲ! ಎಲ್ಲಿದ್ದಾಳೆ? ಹೇಳು, ಎಲ್ಲಿದ್ದಾಳೆ ನಿನ್ನ ಮಗಳು?”

ಒರೆಸಿದ ಗಾಜಿನಾಚೆ, ಮುಂದಿನ ಸೀಟಿನ ಮೇಲೆ, ಬೆಳ್ಳಿಗೆ ಬೆಳಗಿನ ಮೊದಲ ಬಿಸಿಲು ತಾಗಿದೆ. ಬೆನಾಸರ್ ಗೇಟು ದಾಟಿ, ಸೇಬಿನ ತೋಟದ ಬೇಲಿ ಹಿಡಿದು, ಹೆದ್ದಾರಿಯ ಕಡೆ ನಡೆದುಹೋಗುತ್ತಿದ್ದಾರೆ.