ಸೌತೆಕಾಯಿಗೆ ಲಿವರ್ ದೋಷ

ಹೊಸನಗರದ ಜ್ವಾಲಾಮಾಲಿನಿ ಯಾವುದನ್ನೂ ಹೇಳಿದ ಮಾತ್ರಕ್ಕೆ ನಂಬುವ ಹೆಂಗಸಲ್ಲ. ಅದಕ್ಕೆ ಕಾರಣ ಅವಳ ಹೊಲಿಗೆ ಕಸುಬು. ಊರಿನ ಅರ್ಧ ಹೆಂಗಸರಿಗೆ ರವಿಕೆ ಹೊಲಿಯುವವಳು ಅವಳೇ. “ನಂದು ಹಳೇ ಅಳತೆಯೇ ಜ್ವಾಲಕ್ಕ, ಒಂಚೂರೂ ದಪ್ಪ ಆಗಿಲ್ಲ” ಎಂದು ದೇವರ ಮೇಲೆ ಆಣೆ ಇಟ್ಟವರ ತೋಳು ಕೂಡ ಟೇಪು ಸುತ್ತಿದ ಕೂಡಲೇ ನಿಜ ಒಪ್ಪಿಕೊಳ್ಳುತ್ತಿತ್ತು. ಬಾಯಿಗಿಂತ ಟೇಪು ವಾಸಿ ಎಂಬ ತೀರ್ಮಾನಕ್ಕೆ ಅವಳು ಬಂದು ಯಾವ ಕಾಲವೋ ಆಗಿದೆ. ತೋಳಿನ ವಿಷಯದಲ್ಲೇ ಇಷ್ಟು ಸುಳ್ಳು ಹೇಳುವ ಜನ ದೆವ್ವ ಭೂತದ ವಿಷಯದಲ್ಲಿ ಬಿಟ್ಟಾರೆಯೇ?

ನಿಟ್ಟೂರಿನ ಪ್ರಕರಣವನ್ನೇ ತೆಗೆದುಕೊಳ್ಳಿ. ಅಲ್ಲೊಂದು ಮನೆಯಲ್ಲಿ ತೀರಿಹೋದ ಅತ್ತೆ ಹಿತ್ತಲಿನಿಂದ “ಹಾಲು ಉಕ್ತು, ಹಾಲು ಉಕ್ತು” ಎಂದು ಕೂಗುತ್ತಾಳೆಂದು ಸುದ್ದಿಯಾಯಿತು. ಸೊಸೆ ಸ್ವಾತಿ ಒಲೆಯ ಹತ್ತಿರ ಓಡಿದರೆ ಅಲ್ಲಿ ಹಾಲೇ ಇರುತ್ತಿರಲಿಲ್ಲ. ಜ್ವಾಲಕ್ಕ ರವಿಕೆ ಕೊಡುವ ನೆಪ ಮಾಡಿಕೊಂಡು ಬಸ್ಸು ಹತ್ತಿ ಹೋದಳು, ಹಿತ್ತಲಿನ ಹಲಸಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಳು. ಮಧ್ಯಾಹ್ನದ ಹೊತ್ತಿಗೆ ಅತ್ತೆ ಬಂದಳು. ಮಿರಮಿರ ಮಿಂಚುವ ಕಪ್ಪು ಗರಿ, ಕಿತ್ತಳೆ ಕೊಕ್ಕು. ಗುಡ್ಡದ ಮೈನಾ. ಮುದುಕಿ ಬದುಕಿದ್ದಾಗ ದಿನಾ ಕೂಗಿದ್ದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿತ್ತು. ಸ್ವಾತಿಗೆ ಸಂತೋಷವಾಗಬೇಕಿತ್ತು ತಾನೇ? ಎಲ್ಲಿಂದ. “ದೆವ್ವ ಆಗಿದ್ರೆ ಶಾಂತಿ ಮಾಡಿಸ್ಬಹುದಿತ್ತು. ಹಕ್ಕಿಗೆ ಎಂತ ಮಾಡ್ಸೋದು ಜ್ವಾಲಕ್ಕ?” ಎಂದು ತಲೆ ಮೇಲೆ ಕೈ ಹೊತ್ತು ಕೂತಳು.

ಮಾಸ್ತಿಕಟ್ಟೆಯ ಕಡೆ ವೀಳ್ಯದೆಲೆಗೆ ಅಂಜನ ಹಚ್ಚಿ ಕಳೆದುಹೋದದ್ದನ್ನು ತೋರಿಸುವವನೊಬ್ಬನಿದ್ದ. ಜ್ವಾಲಕ್ಕ ಅವನ ಹತ್ತಿರ ಹೋಗಿ, ಕಳೆದೇ ಇಲ್ಲದ ಬೆಂಡೋಲೆ ಕಳೆದಿದೆ ಎಂದಳು. ಈಶಾನ್ಯ ದಿಕ್ಕು, ಕಪ್ಪು ಹೆಂಗಸು, ನೀರಿನ ಹತ್ತಿರ ಎಂದು ಅವನು ಶುರು ಮಾಡಿದ. ಜ್ವಾಲಕ್ಕ ಪರ್ಸಿನಿಂದ ಬೆಂಡೋಲೆ ತೆಗೆದು ಎದುರಿಗಿಟ್ಟಳು. ಅವನು ಕಣ್ಣು ಮಿಟುಕಿಸದೆ, “ಸಿಕ್ತಲ್ಲಮ್ಮ, ದಕ್ಷಿಣೆ ಇಡಿ” ಎಂದ. ಆ ಮಾತಿನ ಚುರುಕಿಗೆ ಮೆಚ್ಚಿ ಇಟ್ಟೇ ಬಂದಳು.

ಇಂಥವಳ ಗಂಡ ದೇವಕುಮಾರ. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಹಾಗೆ. ತವೆ, ಬಾಣಲೆ, ಕೊಡಪಾನ ಮಾರಿ ವಯಸ್ಸು ಕಳೆದವನು, ಈಗ ಪಾತ್ರೆ ಅಂಗಡಿ ಬಿಟ್ಟು ಮನೆಯಲ್ಲಿದ್ದ. ಮೊಬೈಲಿಗೆ ಬಂದದ್ದೆಲ್ಲ ಅವನಿಗೆ ಶಾಸ್ತ್ರವಾಕ್ಯ. ಬೆಂಡೆಕಾಯಿ ನೆನೆಸಿದ ನೀರು ಕುಡಿದ. ತಲೆದಿಂಬಿನ ಕೆಳಗೆ ಅಯಸ್ಕಾಂತ ಇಟ್ಟುಕೊಂಡ. ಹೆಂಡತಿಯ ಸೂಜಿಗಳೆಲ್ಲ ಹೋಗಿ ಅದಕ್ಕೆ ಅಂಟಿಕೊಂಡವು. ಬಾಕಿ ವಿಷಯಕ್ಕೆ ಬಂಗಾರದಂಥ ಮನುಷ್ಯ, ನೇಮ ಬಿಟ್ಟವನಲ್ಲ. ಕತ್ತಲಾದ ಮೇಲೆ ಊಟವಿಲ್ಲ, ನೆಲದೊಳಗಿನ ಗೆಡ್ಡೆ ಮುಟ್ಟುವುದಿಲ್ಲ. ಜೈನರ ಹಳೇ ಪದ್ಧತಿಯಂತೆ ಅವರ ಮನೆಯಲ್ಲಿ ಬಾವಿ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿಯೇ ಕುಡಿಯುವುದು. ಸೋಸಿದ ಬಟ್ಟೆಯನ್ನು ಹಿಂಡಿ ಎಸೆಯುವಂತಿಲ್ಲ. ಅದಕ್ಕೆ ಅಂಟಿದ ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ ನೀರಿನಲ್ಲೇ ಜಾಲಿಸಿ, ಬಂದ ಬಾವಿಗೇ ಮರಳಿ ಬಿಡಬೇಕು. ಎಲ್ಲಿಂದ ಬಂದವೋ ಅಲ್ಲಿಗೇ. ಈ ಕೆಲಸವನ್ನು ದೇವಕುಮಾರ ಹೆಂಡತಿಗೂ ಬಿಟ್ಟುಕೊಡುತ್ತಿರಲಿಲ್ಲ.

ಅವನಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿಕೊಂಡು ಹೇಗೋ ಇದ್ದ. ಅಷ್ಟರಲ್ಲಿ ತೀರ್ಥಹಳ್ಳಿಯಿಂದ ಯೋಗರಾಜ್ ಎಂಬ ಏಜೆಂಟ್ ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಹೊಸನಗರಕ್ಕೆ ಬರತೊಡಗಿದ. ಪೆಟ್ಟಿಗೆಯೊಳಗಿನ ಯಂತ್ರದ ಹೆಸರು ‘ಪಾದಾಮೃತ’. ಟಬ್ಬಿನಲ್ಲಿ ಬಿಸಿನೀರು, ಒಂದು ಹಿಡಿ ಉಪ್ಪು, ಅದರೊಳಗೆ ಕಾಲು, ಕಾಲಿನ ಪಕ್ಕ ಯಂತ್ರದ ಕಂಬಿ. ಸ್ವಿಚ್ಚು ಹಾಕಿ ಸ್ವಲ್ಪ ಹೊತ್ತು ಕೂತರೆ ತಿಳಿನೀರು ಕಂದಾಗಿ, ನೊರೆ ಎದ್ದು, ಎಂಥದೋ ಚೂರುಪಾರು ತೇಲುತ್ತಿತ್ತು. ಅಷ್ಟೂ ಅಂಗಾಲಿನಿಂದ ಇಳಿದ ವಿಷವಂತೆ. ಬಣ್ಣದ ಚಾರ್ಟು ಬೇರೆ: ಕಿತ್ತಳೆಯಾದರೆ ಕೀಲು, ಕಂದಾದರೆ ಲಿವರ್, ಹಸಿರಾದರೆ ಪಿತ್ತ. ಕೊನೆಗೆ ಯೋಗರಾಜ್ ಟವೆಲಿನಲ್ಲಿ ಕಾಲು ಒರೆಸಿ, “ಹೋದ ಸಲಕ್ಕಿಂತ ಎಷ್ಟೋ ಸುಧಾರಿಸಿದೆ ಸರ್” ಎನ್ನುತ್ತಿದ್ದ. ಪಕ್ಕದ ಮನೆಯ ಮಹಾಲಕ್ಷ್ಮೀಯೂ ಮೊಣಕಾಲು ನೋವಿಗೆಂದು ಬಂದು ಕೂರಲು ಶುರು ಮಾಡಿದಳು.

ಕೂತರೆ ಕೂರಲಿ, ಕಾಲಾದರೂ ಚೊಕ್ಕವಾಗುತ್ತದೆ ಎಂದು ಜ್ವಾಲಕ್ಕ ಸುಮ್ಮನಿದ್ದಳು. ಅವಳ ಕಣ್ಣು ತೆರೆಸಿದ್ದು ಒಂದು ಗುಂಡುಪಿನ್ನು. ಒಂದು ಬೆಳಿಗ್ಗೆ ದೇವಕುಮಾರ ಹೊಲಿಗೆ ಮೆಷಿನ್ನಿನ ಮುಂದೆ ಹಾದು, ಜಗಲಿಗೆ ಹೋಗಿ ಪೇಪರ್ ಎತ್ತಿಕೊಂಡು, ಬಾವಿಕಟ್ಟೆಗೂ ಹೋಗಿ ಬಂದ. ಹೋದಲ್ಲೆಲ್ಲ ನೆಲದ ಮೇಲೆ ರಕ್ತದ ಚುಕ್ಕೆ. ಪಿನ್ನು ಅಂಗಾಲಿನಲ್ಲಿ ತಲೆಯವರೆಗೂ ಇಳಿದಿತ್ತು. “ನೋವಾಗ್ಲಿಲ್ವಾ?” ಎಂದು ಕೇಳಿದರೆ, “ಎಂತ ನೋವು?” ಎಂದ. ಅವಳೇ ಪಿನ್ನು ಕಿತ್ತು ಬಟ್ಟೆ ಸುತ್ತಿದಳು. ಡಾಕ್ಟರ ಹತ್ತಿರ ಎಳೆದುಕೊಂಡು ಹೋದ ಮೇಲೆ ಗೊತ್ತಾಯಿತು, ಸಕ್ಕರೆ ಗಗನಕ್ಕೇರಿದೆ, ಇವನು ಮಾತ್ರೆ ನಿಲ್ಲಿಸಿ ಎಷ್ಟೋ ದಿನವಾಗಿದೆ. ಹೀಗೇ ಬಿಟ್ಟರೆ ಕಾಲನ್ನೇ ಕಳೆದುಕೊಳ್ಳಬೇಕಾದೀತು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು.

“ಮಾತ್ರೆ ಯಾಕ್ರೀ ಬಿಟ್ರಿ?”

“ಮಾತ್ರೆನೂ ವಿಷವೇ ಅಲ್ವನೇ. ಒಂದು ಕಡೆಯಿಂದ ಹಾಕೋದು, ಇನ್ನೊಂದು ಕಡೆಯಿಂದ ತೆಗೆಯೋದು ಎಂತಕ್ಕೆ?”

“ಮತ್ತೆ ಶುಗರ್ ಏರಿದ್ದು?”

“ಹೊರಗೆ ಹೋಗೋ ಮುಂಚೆ ಒಂದ್ಸಲ ಮೇಲೆ ಬರ್ತದಂತೆ.”

ಜ್ವಾಲಕ್ಕನಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನ ಅಡಿಯಲ್ಲಿದ್ದದ್ದು ಹೆದರಿಕೆ. ಯಾವ ದೆವ್ವಕ್ಕೂ ಹೆದರದವಳು ಗಂಡನ ಅಂಗಾಲಿಗೆ ಹೆದರಿದಳು. ಬೈದರೆ ಇನ್ನಷ್ಟು ಹಟ ಹಿಡಿಯುವ ಆಸಾಮಿ ಅವನು. ಕಣ್ಣಾರೆ ತೋರಿಸಿ, ಅಲ್ಲೇ ಮಾತ್ರೆ ನುಂಗಿಸಿಬಿಡುವುದೆಂದು ನಿಶ್ಚಯ ಮಾಡಿದಳು.

ಮುಂದಿನ ಸಲ ಯೋಗರಾಜ್ ಬಂದಾಗ ಕಾಫಿ ಕೊಟ್ಟು ಉಪಚಾರ ಮಾಡಿದಳು. ಜಗಲಿಯಲ್ಲಿ ದೇವಕುಮಾರ, ಮಹಾಲಕ್ಷ್ಮೀ ಇಬ್ಬರೂ ಕಾಲು ತೊಳೆದು ತಯಾರಾಗಿದ್ದರು. “ಮೊದಲು ಬೇರೆಯವರೊಬ್ಬರನ್ನ ನೋಡು ಮಾರಾಯ” ಎಂದವಳೇ ಸೆರಗಿನ ಮರೆಯಿಂದ ದಪ್ಪನೆಯ ಸೌತೆಕಾಯಿ ತೆಗೆದು ಟಬ್ಬಿಗೆ ಇಳಿಸಿದಳು.

ಯೋಗರಾಜ್ ನಕ್ಕ. ನಗುತ್ತಲೇ ಸ್ವಿಚ್ಚು ಹಾಕಿದ, ಬೇರೆ ದಾರಿ ಇರಲಿಲ್ಲ. ಎಲ್ಲರೂ ಬಗ್ಗಿ ನೋಡಿದರು. ನೀರು ಹಳದಿಯಾಯಿತು, ಕಿತ್ತಳೆಯಾಯಿತು, ಕಂದಾಯಿತು, ನೊರೆಯೂ ಬಂತು. ಸೌತೆಕಾಯಿ ಮಾತ್ರ ಎಣ್ಣೆಸ್ನಾನಕ್ಕೆ ಕೂತ ಮದುಮಗನ ಹಾಗೆ ಗಂಭೀರವಾಗಿತ್ತು. ಜ್ವಾಲಕ್ಕ ಚಾರ್ಟು ಹಿಡಿದು ಓದಿದಳು. “ಕೀಲುನೋವು ಇದೆ ಇದಕ್ಕೆ. ಲಿವರೂ ಸರಿ ಇಲ್ಲ.”

ಅದೇ ಹೊತ್ತಿಗೆ ಮಹಾಲಕ್ಷ್ಮೀಗೆ ಗಂಡನ ಫೋನು ಬಂತು. ಟಬ್ಬಿನಿಂದ ಕಣ್ಣು ಕೀಳದೆ, ‘ಅಂತೆ’ಗೆ ‘ಅಡ’ ಎನ್ನುವ ತಮ್ಮ ಮನೆಮಾತಿನಲ್ಲಿ ಹೇಳಿದಳು: “ಇಲ್ಲೆ, ತಡ ಆಗ್ತು, ಆಮೇಲೆ ಬತ್ತೆ. ಇಲ್ಲಿ ಸೌತೆಕಾಯಿಗೆ ಲಿವರ್ ದೋಷ ಇದ್ದಡ.”

ಇಷ್ಟಾದ ಮೇಲೆ ಯಾರಿಗಾದರೂ ಬುದ್ಧಿ ಬರಬೇಕು. ಬಂದದ್ದು ಯೋಗರಾಜನಿಗೆ. “ಆಂಟಿ, ಈಗಿನ ತರಕಾರಿಗೆ ಎಷ್ಟು ಔಷಧಿ ಹೊಡೀತಾರೆ ಗೊತ್ತಾ? ಆ ವಿಷ ಬಿಟ್ಕೊಂಡಿದೆ ನೋಡಿ.”

“ಇದು ನನ್ನ ಹಿತ್ತಲದ್ದು. ಸಗಣಿ ಗೊಬ್ಬರ ಬಿಟ್ರೆ ಎಂತದೂ ಹಾಕಿಲ್ಲ.”

“ಗಾಳೀಲಿ ಬರ್ತದೆ ಆಂಟಿ.”

ದೇವಕುಮಾರ ತಲೆದೂಗಿದ. “ನೋಡು, ತರಕಾರಿಗೇ ಇಷ್ಟು ಕೆಲಸ ಮಾಡ್ತದೆ ಅಂದ್ರೆ ಮನುಷ್ಯರಿಗೆ ಎಷ್ಟು ಮಾಡ್ಬೇಡ.” ಮಹಾಲಕ್ಷ್ಮೀ ತಮ್ಮ ಮನೆಯ ಬದನೆಕಾಯಿ ತರಲೇ ಎಂದು ಕೇಳಿದಳು. ಜ್ವಾಲಕ್ಕ ಹಲ್ಲು ಕಚ್ಚಿ ನೀರು ಬದಲಿಸಿ, ಟಬ್ಬಿನಲ್ಲಿ ಏನೂ ಇಡದೆ ಬರೀ ಯಂತ್ರ ಓಡಿಸಿದಳು. ಮತ್ತೆ ಕಂದು. ಅದು ಜಗಲಿಯ ವಿಷವಂತೆ. ಮನೆಯೂ ಶುದ್ಧಿಯಾಯಿತು ಎಂದು ಗಂಡ ಖುಷಿಪಟ್ಟ. ಇಂಥವರ ಜತೆ ಏನು ವಾದ ಮಾಡುತ್ತೀರಿ, ಹೇಳಿ. ಜ್ವಾಲಕ್ಕ ಸೋತು ಕಂಬಕ್ಕೆ ಒರಗಿದಳು. ನುಂಗಿಸಲೆಂದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಮಾತ್ರೆ ಅಲ್ಲೇ ಉಳಿಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗೆದ್ದ ಹುಮ್ಮಸ್ಸಿನಲ್ಲಿ ಯೋಗರಾಜ್ ಒಂದು ಮಾತು ಹೆಚ್ಚು ಆಡಿದ. ದೇವಕುಮಾರನ ಕಾಲನ್ನು ಟಬ್ಬಿಗಿಳಿಸಿ, ತೇಲಿಬಂದ ಚೂರುಗಳನ್ನು ತೋರಿಸಿ, “ಇವು ಕ್ರಿಮಿಗಳು ಸರ್. ನಿಮ್ಮ ಹೊಟ್ಟೆಯೊಳಗೆ ಇದ್ದಿದ್ದು. ಕರೆಂಟ್ ತಾಗಿದ ಕೂಡಲೇ ಸತ್ತು ಹೊರಗೆ ಬೀಳ್ತವೆ” ಎಂದ.

ದೇವಕುಮಾರ ತಟ್ಟನೆ ಕಾಲು ಮೇಲೆತ್ತಿದ. “ಸತ್ತಾ?”

ಎಲ್ಲೋ ಎಡವಿದೆ ಎಂದು ಯೋಗರಾಜನಿಗೆ ಗೊತ್ತಾಯಿತು. “ಛೆ, ಸಾಯಲ್ಲ ಸರ್. ಮೂರ್ಛೆ ಹೋಗಿರ್ತವೆ ಅಷ್ಟೆ. ಜೀವ ಇರ್ತದೆ.”

“ಜೀವ ಇದ್ದಿದ್ದನ್ನ ಇಷ್ಟು ದಿನ ಚರಂಡಿಗೆ ಚೆಲ್ಲಿದ್ವಾ?” ಎಂದ ದೇವಕುಮಾರನ ಮುಖ ಬಿಳಿಚಿಕೊಂಡಿತ್ತು. ಒದ್ದೆ ಕಾಲಿನಲ್ಲೇ ಒಳಗೆ ಹೋಗಿ ನೀರು ಸೋಸುವ ಬಟ್ಟೆ, ಪಾತ್ರೆ, ಲೋಟ ತಂದ. ಟಬ್ಬಿನ ನೀರನ್ನು ಸೋಸಿದ. ಬಟ್ಟೆಗೆ ಅಂಟಿದ್ದನ್ನು ಸೋಸಿದ ನೀರಿನಲ್ಲಿ ಜಾಲಿಸಿ ಲೋಟಕ್ಕೆ ಇಳಿಸಿದ. ಅಭ್ಯಾಸ ಬಲದಿಂದ ಬಾವಿಯ ಕಡೆ ಹೊರಟವನು ಮೆಟ್ಟಿಲ ಮೇಲೆ ನಿಂತುಬಿಟ್ಟ. ಇವು ಬಾವಿಯಿಂದ ಬಂದವಲ್ಲ. ಒಮ್ಮೆ ಲೋಟ ನೋಡಿದ, ಒಮ್ಮೆ ತನ್ನ ಹೊಟ್ಟೆ ನೋಡಿಕೊಂಡ.

“ರೀ, ಎಂತ ಮಾಡ್ತಿದ್ದೀರಿ?” ಎಂದಳು ಜ್ವಾಲಕ್ಕ.

“ಬಂದ ಜಾಗಕ್ಕೇ ಬಿಡ್ಬೇಕು ತಾನೇ” ಎಂದು ಕಣ್ಣು ಮುಚ್ಚಿ, ಪಂಚನಮಸ್ಕಾರ ಮಂತ್ರ ಹೇಳಿಕೊಂಡು ಲೋಟವನ್ನು ತುಟಿಗೆ ತಂದ.

ಅವಳು ಎದ್ದೋಡುವ ಮೊದಲೇ ಯೋಗರಾಜ್ ಹಾರಿ ಅವನ ಕೈ ಹಿಡಿದುಕೊಂಡ. “ಕುಡೀಬೇಡಿ ಸರ್, ನಿಮ್ಮ ದಮ್ಮಯ್ಯ. ಅದ್ರಲ್ಲಿ ಜೀವ ಎಂತದೂ ಇಲ್ಲ. ಕ್ರಿಮಿನೂ ಇಲ್ಲ, ವಿಷನೂ ಇಲ್ಲ. ತುಕ್ಕು ಸರ್ ಅದು, ಈ ಕಂಬಿದೇ ತುಕ್ಕು. ಉಪ್ಪುನೀರಿಗೆ ಕರೆಂಟ್ ಬಿಟ್ರೆ ಕಬ್ಬಿಣ ಕರಗಿ ಹಾಗಾಗ್ತದೆ. ನಿಮಗೆ ಏನಾದ್ರೂ ಆದ್ರೆ ನಾನು ಜೈಲಿಗೆ ಹೋಗ್ಬೇಕಾಗ್ತದೆ.”

ದೇವಕುಮಾರ ಲೋಟವನ್ನು ಬೆಳಕಿಗೆ ಹಿಡಿದ, ಮೂಸಿದ, ಬೆರಳು ಅದ್ದಿ ಉಜ್ಜಿ ನೋಡಿದ. “ತುಕ್ಕು” ಎಂದ ಮೆಲ್ಲಗೆ. “ತೊಳೆದ ತವೆ ಒರೆಸಿಡಿ, ಇಲ್ಲದಿದ್ರೆ ತುಕ್ಕು ಹಿಡೀತದೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದವನು ನಾನು.” ಮಹಾಲಕ್ಷ್ಮೀ ತನ್ನ ಮೊಣಕಾಲು ಒತ್ತಿ ನೋಡಿಕೊಂಡಳು. ನೋವು ವಾಪಸು ಬಂದಿತ್ತು.

ಯೋಗರಾಜ್ ಯಂತ್ರ ಕಟ್ಟಿಕೊಂಡು ಹೊರಟ. ಅವನ ಜನ್ಮ ಜಾಲಾಡಬೇಕೆಂದು ಜ್ವಾಲಕ್ಕ ಬೈಗುಳ ಕೂಡಿಟ್ಟುಕೊಂಡಿದ್ದಳು. ಗಂಡನ ಕೈ ಹಿಡಿಯಲು ಹಾರಿದ್ದನ್ನು ನೋಡಿದ ಮೇಲೆ ಅರ್ಧ ಮಾತ್ರ ಉಳಿದಿತ್ತು, ಅಷ್ಟನ್ನು ಬೈದು ಕಳಿಸಿದಳು.

ಸಂಜೆ ಬೆಳಕಿರುವಾಗಲೇ ಊಟಕ್ಕೆ ಕೂತರು. ಎಲೆಯ ಪಕ್ಕ ಇಟ್ಟಿದ್ದ ಮಾತ್ರೆಯನ್ನು ದೇವಕುಮಾರ ಮರುಮಾತಿಲ್ಲದೆ ನುಂಗಿದ. ಕೈ ತೊಳೆದು ಬಂದು ಜಗಲಿಯಲ್ಲಿ ಕೂತು, ಅಂಗಾಲು ಸವರಿಕೊಳ್ಳುತ್ತ ಹೇಳಿದ.

“ಕಾಲು ಜೋಮು ಹಿಡಿದ ಹಾಗಾಗಿ ಎಷ್ಟೋ ದಿನ ಆಯ್ತು ಜ್ವಾಲಾ. ನೆಲ ಎಲ್ಲಿದೆ ಅಂತಾನೇ ಒಂದೊಂದ್ಸಲ ಗೊತ್ತಾಗಲ್ಲ. ಭಯ ಆಗ್ತದೆ. ಡಾಕ್ಟ್ರು ಹೋದಾಗೆಲ್ಲ ಜಾಸ್ತಿ ಆಗಿದೆ ಅಂತಾರೆ. ನೀನು ಅದು ತಿನ್ಬೇಡಿ, ಇದು ತಿನ್ಬೇಡಿ ಅಂತೀಯ. ಆ ಹುಡುಗ ಒಬ್ಬನೇ ಕಾಲು ಹಿಡ್ಕೊಂಡು, ಸುಧಾರಿಸಿದೆ ಸರ್ ಅಂತಿದ್ದ.”

ಜ್ವಾಲಕ್ಕ ಎದ್ದು ಒಳಗೆ ಹೋದಳು. ಬೋಗುಣಿಯಲ್ಲಿ ನೀರು ತಂದಳು. ಅವನ ಕಾಲಿಗೆ ಬಿಸಿ ತಿಳಿಯುವುದಿಲ್ಲವೆಂದು ತನ್ನ ಮೊಣಕೈ ಅದ್ದಿ ನೋಡಿ, ತಣ್ಣೀರು ಬೆರೆಸಿದಳು. ನೆಲದ ಮೇಲೆ ಕೂತು ಅವನ ಕಾಲುಗಳನ್ನು ಒಂದೊಂದಾಗಿ ಇಳಿಸಿ, ಬೆರಳ ಸಂದು, ಹಿಮ್ಮಡಿ, ಅಂಗಾಲು ಎಲ್ಲ ಸವರಿ ನೋಡಿದಳು. ನೀರು ತಿಳಿಯಾಗಿಯೇ ಇತ್ತು.

“ಸುಧಾರಿಸಿದೆಯಾ?” ಎಂದು ಅವನು ಕೇಳಿದ.

ಹೌದು ಎಂದುಬಿಡೋಣ ಅನ್ನಿಸಿತು. ಬಾಯಿಗೆ ಬರಲಿಲ್ಲ. “ಇಲ್ಲ” ಎಂದಳು. “ಮಾತ್ರೆ ತಗೊಂಡ್ರೆ ಇದಕ್ಕಿಂತ ಹಾಳಾಗ್ಲಿಕ್ಕಿಲ್ಲ.”

“ಮತ್ತೆ ಈ ನೀರಿಂದ ಎಂತ ಆಗ್ತದೆ?”

“ಎಂತದೂ ಆಗಲ್ಲ. ನಾಳೆನೂ ಇಡ್ತೀನಿ. ಸುಮ್ನೆ ಕೂತ್ಕೊಳ್ಳಿ.”