ಗುಡಾಣಕ್ಕೆ ಬಂದ ಫಿಲ್ಟರ್ ನೀರು

ನಾನು ಯಳಂದೂರು ಕಡೆಯವಳು. ಗದ್ದೆ ಬದುವಿನ ಮೇಲೆ ನಡೆದು ಶಾಲೆಗೆ ಹೋದವಳಿಗೆ ನೀರು ಅಂದರೆ ಹರಿಯುವುದು, ಅಷ್ಟೇ. ಮದುವೆಯಾಗಿ ಅಜ್ಜೀಪುರಕ್ಕೆ ಬಂದ ಹೊಸದರಲ್ಲಿ, ಪಾತ್ರೆ ತೊಳೆಯುತ್ತಿದ್ದ ನನ್ನ ಕೈಯಿಂದ ಅತ್ತೆ ಚೊಂಬು ಕಿತ್ತುಕೊಂಡು, "ಅಷ್ಟು ನೀರ್ನಲ್ಲಿ ನಾನು ಎರಡು ದಿನ ಸಂಸಾರ ಮಾಡ್ತೀನಿ ಕಣವ್ವ" ಎಂದಿದ್ದರು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. "ಹಾಗಾದರೆ ನೀವೇ ತೊಳೀರಿ" ಎಂದು ಎದ್ದು ಬಂದೆ. ಅತ್ತೆ ತೊಳೆದರು, ಅದೂ ಅರ್ಧ ಚೊಂಬಿನಲ್ಲಿ. ಪಾತ್ರೆ ಫಳಫಳ ಹೊಳೆಯುತ್ತಿದ್ದುದನ್ನು ನೋಡಿ ನನಗೆ ಇನ್ನಷ್ಟು ಉರಿಯಿತು.

ಇಂಥ ಅತ್ತೆ ವರ್ಷದಲ್ಲಿ ಕೆಲವೇ ದಿನ ನೀರಿನ ವಿಷಯದಲ್ಲಿ ಕೈಬಿಚ್ಚುತ್ತಾರೆ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ಹನೂರು ದಾಟಿ ನಮ್ಮ ಮನೆ ಮುಂದಿನ ರಸ್ತೆಯಲ್ಲೇ ಸಾಗುತ್ತಾರೆ. ಅವರನ್ನು ನಮ್ಮಲ್ಲಿ ಪರಸೆಯವರು ಎನ್ನುತ್ತೇವೆ. ಅವರಿಗಾಗಿ ಹೊಂಗೆಮರದ ಕೆಳಗೆ ಒಂದು ದೊಡ್ಡ ಮಣ್ಣಿನ ಗುಡಾಣ ಇಟ್ಟು, ಹಸಿ ಬಟ್ಟೆ ಸುತ್ತಿ, ಪಕ್ಕದಲ್ಲಿ ಕಲ್ಲಿನ ಮೇಲೆ ಕೂತುಕೊಂಡು ನೀರು ಕೊಡುವುದು ಅತ್ತೆ ಸೊಸೆಯಾಗಿ ಬಂದಂದಿನಿಂದ ಮಾಡಿಕೊಂಡು ಬಂದ ಕೆಲಸ. ಅವರಿಗೆ ಅವರ ಅತ್ತೆ ವಹಿಸಿಕೊಟ್ಟದ್ದು. ಆ ದಿನಗಳಲ್ಲಿ ಅವರು ಬೇರೆಯೇ ಮನುಷ್ಯರು. ಯಾವ ಊರು, ಎಷ್ಟು ಜನ, ಹೋದ ಸಲ ಬಂದಿದ್ದ ನಿಮ್ಮ ಚಿಕ್ಕಮ್ಮ ಎಲ್ಲಿ, ಕಾಲಲ್ಲಿ ಬೊಕ್ಕೆ ಎದ್ದಿದೆಯಾ ಎಂದು ಎಲ್ಲರನ್ನೂ ವಿಚಾರಿಸುತ್ತಾರೆ. ನಾನು ತವರಿಗೆ ಹೋಗಿ ಬಂದರೂ ಅಷ್ಟು ವಿಚಾರಿಸಿದವರಲ್ಲ.

ಆದರೆ ಈಚೆಗೆ ಗುಡಾಣದ ಹತ್ತಿರ ನಿಲ್ಲುವವರು ಕಡಿಮೆಯಾದರು. ದಾರಿಯುದ್ದಕ್ಕೂ ಗಾಡಿಗಳಲ್ಲಿ ಬಾಟಲಿ ನೀರು ಹಂಚುತ್ತಾರೆ. ಬಗಲಿನಲ್ಲಿ ಬಾಟಲಿ ಇದ್ದವರಿಗೆ ಗುಡಾಣ ಯಾಕೆ? ಹೋದ ವರ್ಷದ ಹಿಂದಿನ ಶಿವರಾತ್ರಿಯಲ್ಲಿ ಒಬ್ಬ ಹುಡುಗ ಅತ್ತೆ ಚಾಚಿದ ಚೊಂಬನ್ನು ನೋಡಿ, "ಬೋರ್ ನೀರಾ ಅಜ್ಜಿ? ಬ್ಯಾಡ ಬುಡಿ, ಗಂಟ್ಲು ಕಟ್ಕತದೆ" ಎಂದು ನಡೆದುಬಿಟ್ಟ. ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯುವಷ್ಟರಲ್ಲಿ ಹೊಟ್ಟೆಯ ಹಸಿವೇ ಸತ್ತುಹೋಗುತ್ತದೆ. ಆದರೂ ಅವನ ಬೆನ್ನಿಗೆ ಒಂದು ಗುದ್ದಬೇಕು ಅನ್ನಿಸಿತು ನನಗೆ. ಅತ್ತೆ ಸಂಜೆ ಉಳಿದ ನೀರನ್ನೆಲ್ಲ ಮರದ ಬುಡಕ್ಕೆ ಸುರಿದು, "ಇನ್ನೊಂದು ಸತಿ ನೋಡ್ತೀನಿ. ಆಗ್ಲೂ ಯಾರೂ ಕುಡೀಲಿಲ್ಲ ಅಂದ್ರೆ ಗುಡಾಣ ಅಟ್ಟಕ್ಕೆ ಓಯ್ತದೆ" ಎಂದರು. ಪಾತ್ರೆ ತೊಳೆಯುವ ಚೊಂಬಿಗೆ ಜಗಳವಾಡಿದ ನಾನೇ ಅವತ್ತು ಒಳಗೆ ಹೋಗಿ ಕಣ್ಣೀರು ಹಾಕಿದೆ.

ಆಮೇಲೆ ನಾನೇ ಹಟ ಹಿಡಿದು ಕೊಳ್ಳೇಗಾಲದಿಂದ ಆರ್‌ಓ ಫಿಲ್ಟರ್ ತರಿಸಿದೆ. ಗೋಡೆಗೆ ಕೂರಿಸಲು ಬಂದವನು, "ಆಫ್ ಮಾಡೋ ತಂಟೇನೇ ಇಲ್ಲ ಮೇಡಂ. ಟ್ಯಾಂಕ್ ತುಂಬಿದ್ರೆ ತಾನೇ ನಿಂತೋಯ್ತದೆ, ನೀರು ತಕಂಡ್ರೆ ತಾನೇ ಸುರು ಆಯ್ತದೆ" ಎಂದು ಹೇಳಿ ಹೋದ.

ಅತ್ತೆ ನಂಬಲಿಲ್ಲ. ಮಣೆ ಹಾಕಿಕೊಂಡು ಅದರ ಎದುರು ಕೂತರು. ಗುಂಯ್ ಎನ್ನುತ್ತಿದ್ದ ಯಂತ್ರ ಸ್ವಲ್ಪ ಹೊತ್ತಾದ ಮೇಲೆ ಟಕ್ಕೆಂದು ನಿಂತಿತು. ನಾನು ಮುಚ್ಚಳ ತೆಗೆದು ಒಳಗಿನ ಬೆಂಡು ತೋರಿಸಿದೆ. ಟ್ಯಾಂಕಿನಲ್ಲಿ ನೀರು ಏರಿದ ಹಾಗೆ ಬೆಂಡೂ ತೇಲಿ ಮೇಲೆ ಬರುತ್ತದೆ, ಪೂರ್ತಿ ಬಂದಾಗ ಮೋಟರಿನ ಕರೆಂಟ್ ಕತ್ತರಿಸುತ್ತದೆ ಎಂದು ಮಕ್ಕಳಿಗೆ ಪಾಠ ಹೇಳುವ ಧಾಟಿಯಲ್ಲೇ ವಿವರಿಸಿದೆ. ಅತ್ತೆ ಬಗ್ಗಿ ನೋಡಿ, "ಒಟ್ಟೆ ತುಂಬ್ತು ಅಂತ ಇದಕ್ಕೆ ತಿಳೀತದೆ. ನಿಮ್ ಮಾವಯ್ಯಂಗೆ ಕೊನೇವರ್ಗೂ ತಿಳೀಲಿಲ್ಲ" ಎಂದರು. ನಕ್ಕು ನಕ್ಕು ನನ್ನ ಪಕ್ಕೆ ನೋವು ಬಂತು.

ಯಂತ್ರದ ಒಂದು ಗುಣ ಮಾತ್ರ ಅವರಿಗೆ ಹಿಡಿಸಲಿಲ್ಲ. ಒಂದು ಪಾಲು ಒಳ್ಳೆ ನೀರು ಕೊಟ್ಟು, ಅದಕ್ಕಿಂತ ಹೆಚ್ಚು ನೀರನ್ನು ಇನ್ನೊಂದು ಪೈಪಿನಲ್ಲಿ ಹೊರಗೆ ಬಿಡುತ್ತದಲ್ಲ, ಅದು. ಆ ಪೈಪಿನ ತುದಿಗೆ ಮೊದಲು ಬಕೆಟ್ ಬಂತು, ಆಮೇಲೆ ಬಾನಿ, ಆಮೇಲೆ ಹಿತ್ತಲಿನ ಡ್ರಮ್ಮು. ಬಟ್ಟೆಗೆ, ನೆಲ ಒರೆಸಲಿಕ್ಕೆ ಎಷ್ಟು ಬಳಸಿದರೂ ಮುಗಿಯದು. ಶಿವರಾತ್ರಿ ಹತ್ತಿರ ಬರುವ ಹೊತ್ತಿಗೆ ಹಿತ್ತಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಎಲ್ಲೆಲ್ಲೂ ತುಂಬಿದ ಪಾತ್ರೆಗಳು. "ಚೆಲ್ಲಿ ಅತ್ತೆ" ಎಂದರೆ, "ನೀರು ಚೆಲ್ಲು ಅನ್ನೋ ಬಾಯಿ ಯಳಂದೂರ್ದು" ಎನ್ನುತ್ತಿದ್ದರು.

ಪರಸೆಯವರು ಬರುವ ಮುನ್ನಾದಿನ ಗುಡಾಣವನ್ನು ಫಿಲ್ಟರ್ ನೀರಿನಿಂದ ತುಂಬುವ ಪ್ರಶ್ನೆ ಎದ್ದಿತು. ಯಂತ್ರದ ಟ್ಯಾಂಕು ಚಿಕ್ಕದು. ಒಂದು ಬಿಂದಿಗೆ ಹಿಡಿದು ಹೊರಗೆ ಸುರಿದು ಬಂದರೆ ಮತ್ತೆ ಅದು ತುಂಬುವ ತನಕ ಕಾಯಬೇಕು. ಅತ್ತೆಯ ಮಂಡಿ ನೋವಿಗೆ ಈ ಓಡಾಟ ಆಗದ ಮಾತು. ನನ್ನ ಗಂಡ ಅರಿಸಿನ, ಟೊಮೆಟೊ ಎಲ್ಲಕ್ಕೂ ಡ್ರಿಪ್ ಹಾಕಿರುವ ರೈತರು. ಪೈಪು, ಜಾಯಿಂಟು ಅಂದರೆ ಅವರಿಗೆ ಹಬ್ಬ. "ಇದೇನ್ ಮಹಾ! ಹೊಲಕ್ಕೇ ನೀರು ಬುಡೋನಿಗೆ ಗುಡಾಣ ಒಂದು ಲೆಕ್ಕವಾ?" ಎಂದು, ಟ್ಯಾಂಕಿಗೆ ಬೀಳುತ್ತಿದ್ದ ಒಳ್ಳೆ ನೀರಿನ ಪೈಪನ್ನು ಕಿತ್ತು, ಅದಕ್ಕೆ ಇನ್ನೊಂದು ಉದ್ದ ಪೈಪು ಸೇರಿಸಿ, ಕಿಟಕಿಯಿಂದ ಹೊರಗೆ ಎಳೆದು, ನೇರವಾಗಿ ಗುಡಾಣದ ಬಾಯಿಗೆ ಇಳಿಬಿಟ್ಟರು. ನೀರು ಸಣ್ಣಗೆ ಬೀಳತೊಡಗಿತು. "ತುಂಬಿದ ಮೇಲೆ?" ಎಂದು ಅತ್ತೆ ಕೇಳಿದರು. "ತಾನೇ ನಿಲ್ತದೆ ಕಣವ್ವ" ಎಂದರು ಮಗ. ನಾನೂ ತಲೆಯಾಡಿಸಿದೆ. ಮೂವರೂ ನಿಶ್ಚಿಂತೆಯಿಂದ ಮಲಗಿದೆವು.

ಬೆಳಗಾಗುತ್ತಲೇ ಅತ್ತೆಯ ಕೂಗಿಗೆ ಎದ್ದು ಓಡಿದೆ. ಗುಡಾಣ ತುಂಬಿ, ಸುತ್ತಿದ ಬಟ್ಟೆ ತೊಯ್ದು, ಮರದ ಬುಡದಿಂದ ರಸ್ತೆಯ ಅಂಚಿನವರೆಗೆ ನೆಲವೆಲ್ಲ ಕೆಸರು. ಹನಿಗೂಡಿದರೆ ಹಳ್ಳ ಅನ್ನುವುದನ್ನು ಮನೆ ಮುಂದೆಯೇ ನೋಡಿದೆ. ಯಂತ್ರ ಒಳಗೆ ಗುಂಯ್ ಎನ್ನುತ್ತಲೇ ಇತ್ತು. ನಿಲ್ಲುವುದಾದರೂ ಹೇಗೆ? ಬೆಂಡು ಇರುವುದು ಟ್ಯಾಂಕಿನಲ್ಲಿ. ಟ್ಯಾಂಕಿಗೆ ಒಂದು ಹನಿಯೂ ಬೀಳದಿದ್ದರೆ ಬೆಂಡು ತಳ ಬಿಟ್ಟು ಏಳುವುದಿಲ್ಲ, ಹೊರಗೆ ಗುಡಾಣ ತುಂಬಿದ್ದು ಒಳಗಿನ ಬೆಂಡಿಗೆ ಗೊತ್ತಾಗುವುದೂ ಇಲ್ಲ. ಪಾಠ ಹೇಳಿದ್ದು ನಾನು, ಪೈಪು ಎಳೆದದ್ದು ಅವರು, ಇಬ್ಬರಿಗೂ ಹೊಳೆಯಲಿಲ್ಲ.

"ಏನ್ಲಾ ಇದು! ನೀರ್ನೆಲ್ಲ ಮಣ್ಣುಪಾಲು ಮಾಡಿದ್ರಲ್ಲೋ! ಓದಿರೋಳೊಬ್ಬಳು, ಡ್ರಿಪ್ ಹಾಕೋನೊಬ್ಬ!" ಅತ್ತೆಯ ಬಾಯಿಗೆ ಮಾತ್ರ ಯಾವ ಬೆಂಡೂ ಇಲ್ಲ. ಗಂಡ ಸದ್ದಿಲ್ಲದೆ ಹೋಗಿ ಸ್ವಿಚ್ ಆರಿಸಿ, ಹಾಗೆಯೇ ಹೊಲಕ್ಕೆ ಜಾರಿಕೊಂಡರು. ಬೈಗುಳದ ಉಳಿದ ಪಾಲು ನನಗೆ ಬಂತು.

ಬಿಸಿಲೇರುವ ಹೊತ್ತಿಗೆ ಹನೂರು ಕಡೆಯಿಂದ "ಉಘೇ ಉಘೇ" ಕೇಳಿಸಿತು. ಅತ್ತೆ ಸಿಟ್ಟನ್ನು ಅರ್ಧಕ್ಕೇ ಬಿಟ್ಟು, ಸೆರಗು ಸರಿಮಾಡಿಕೊಂಡು ಕಲ್ಲಿನ ಮೇಲೆ ಕೂತರು. ಮೊದಲ ಗುಂಪು ಬಂತು, ಬಾಟಲಿ ಕುಲುಕಿಸುತ್ತಾ ಹೋಯಿತು. ಎರಡನೆಯದೂ ಹೋಯಿತು. ಅತ್ತೆ ಚೊಂಬನ್ನು ಎತ್ತುವುದು, ಇಳಿಸುವುದು. ನಾನು ಬಾಗಿಲಲ್ಲಿ ನಿಂತು, "ಫಿಲ್ಟರ್ ನೀರು!" ಎಂದು ಒಮ್ಮೆ ಕೂಗಿಯೂ ನೋಡಿದೆ. ಯಾರೂ ತಿರುಗಲಿಲ್ಲ. ಗುಡಾಣವನ್ನು ಅಟ್ಟಕ್ಕೆ ಏರಿಸುವ ಏಣಿ ನನ್ನ ಕಣ್ಣೆದುರು ಬಂತು.

ಆಗ ಒಬ್ಬ ವಯಸ್ಸಾದ ಹೆಂಗಸು, ಬರಿಗಾಲು, ತಲೆಯ ಮೇಲೆ ಗಂಟು, ಕಾದ ಟಾರಿನ ಮೇಲೆ ಹೆಜ್ಜೆ ಎತ್ತಿ ಎತ್ತಿ ಇಡುತ್ತಾ ಬಂದರು. ನಮ್ಮ ಕೆಸರು ಕಂಡಿತೋ ಇಲ್ಲವೋ, ಸೀದಾ ರಸ್ತೆ ಬಿಟ್ಟು ಇಳಿದು ಎರಡೂ ಪಾದ ಅದರಲ್ಲಿ ಹೂತು ನಿಂತರು. "ಅಪ್ಪಾ ಮಾದಪ್ಪ! ಪ್ರಾಣ ಬಂದಂಗಾಯ್ತು. ಬನ್ರವ್ವ, ಬನ್ರಿ, ಇಲ್ಲಿ ತಂಪಾಗದೆ" ಎಂದು ಹಿಂದಿನವರನ್ನು ಕರೆದರು. ಗುಂಪಿಗೆ ಗುಂಪೇ ಮರದ ಕೆಳಗೆ ಬಂದು ನಿಂತಿತು. ನಿಂತ ಮೇಲೆ ಗುಡಾಣ ಕಾಣದೆ ಇರುತ್ತದೆಯೇ? ಆ ಹೆಂಗಸು ಕೈ ಚಾಚಿದರು. ಅತ್ತೆ ಕೊಟ್ಟ ಚೊಂಬನ್ನು ಎತ್ತಿ ಗಟಗಟ ಕುಡಿದು, "ನೀರು ಸಿಹಿಯಾಗದೆ ಕಣವ್ವ. ಎಲ್ಲೀದು?" ಎಂದರು.

"ಮಿಸಿನ್ನು ಒಳಗದೆ. ಕುಡೀರವ್ವ, ಇನ್ನೊಂದು ಚೊಂಬು ಕುಡೀರಿ" ಎಂದು ಅತ್ತೆ ಕಿಟಕಿಯ ಪೈಪು ತೋರಿಸಿದರು. ನನಗೆ ಕಣ್ಣು ತುಂಬಿ ಬಂತು.

ಆ ಗುಂಪು ಹೊರಟದ್ದೇ ತಡ, ಅತ್ತೆ ನನ್ನನ್ನು ಹಿತ್ತಲಿಗೆ ಅಟ್ಟಿದರು. "ಬಾನಿ ನೀರೆಲ್ಲ ತಕಂಡು ಬಾ. ಟಾರ್ ಮ್ಯಾಲೆ ಉಯ್ಯಿ." ಕಿವಿಯನ್ನು ನಂಬದೆ, "ಚೆಲ್ಲೋದಾ ಅತ್ತೆ?" ಎಂದೆ. "ಚೆಲ್ಲೋದಲ್ಲ ಕಣೇ, ಕಾಲಿಗೆ ಕೊಡೋದು. ಒಳ್ಳೇದು ಬಾಯಿಗೆ, ಮಿಕ್ಕಿದ್ದು ಕಾಲಿಗೆ" ಎಂದರು. ಯಂತ್ರವನ್ನು ಮತ್ತೆ ಹಾಕಿದೆ. ಹೊಲದಿಂದ ಬಂದ ಗಂಡನಿಗೂ ಅತ್ತೆ ಬಕೆಟ್ ಕೊಟ್ಟರು. ಮಾಡಿದ್ದುಣ್ಣೋ ಮಹಾರಾಯ ಎಂದು ನಾನು ಕಣ್ಣು ಮಿಟುಕಿಸಿದೆ. ಇಬ್ಬರೂ ಹಿತ್ತಲಿಂದ ಬಕೆಟ್ ಹೊತ್ತು ತಂದು ಮನೆ ಮುಂದಿನ ಟಾರನ್ನು ತೋಯಿಸಿದ್ದೇ ತೋಯಿಸಿದ್ದು. ಕಾಲು ತಂಪಾದವರು ನಿಂತರು, ನಿಂತವರು ಕುಡಿದರು, ಕುಡಿದವರು ಬಾಟಲಿಗೂ ತುಂಬಿಕೊಂಡರು. ಅತ್ತೆ ಎಲ್ಲರ ಊರು ಕೇಳಿದರು. ಊಟಕ್ಕೆ ಕರೆದರೆ, "ನೀವು ಉಣ್ಣೋಗಿ" ಎಂದು ಕೈಬೀಸಿದರು. ನನ್ನ ಸೊಂಟ ಬಿದ್ದುಹೋದರೂ ಅಷ್ಟು ಖುಷಿಯಾಗಿ ನಾನು ಯಾವ ಹಬ್ಬದಲ್ಲೂ ಕೆಲಸ ಮಾಡಿದ್ದಿಲ್ಲ.

ಪೈಪಿನಿಂದ ಬೀಳುವುದು ಸಣ್ಣ ಧಾರೆ. ಸಂಜೆಯ ಹೊತ್ತಿಗೆ ಅದು ಬೀಳುವುದಕ್ಕಿಂತ ಬೇಗ ಜನ ಕುಡಿಯುತ್ತಿದ್ದರು. ಕೊನೆಗೆ ಬಂದವನು ದಪ್ಪ ಮೀಸೆಯ ಗಂಡಸು, ಬಳಲಿದ್ದ. ಗುಡಾಣದೊಳಗೆ ಚೊಂಬು ಇಳಿಸಿ ತಳವನ್ನು ಗೀರಿ, ಖಾಲಿ ಚೊಂಬನ್ನು ನಮ್ಮ ಮುಖಕ್ಕೆ ತೋರಿಸಿ ರೇಗಿದ.

"ಏನವ್ವ, ದೊಡ್ಡದಾಗಿ ಗುಡಾಣ ಮಡಗ್ಬುಟ್ಟು ಕೂತಿದ್ದೀರಿ, ಒಳಗೆ ಒಂದು ತೊಟ್ಟೂ ನೀರಿಲ್ವಲ್ಲ!"

ನಾನು ಏನೋ ಸಮಾಧಾನ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಮೊಣಕೈ ಹಿಡಿದು ಜಗ್ಗಿದರು. ಮುಖವೆಲ್ಲ ನಗು.

"ಕೇಳ್ದಾ ಮಗಾ? ನೀರಿಲ್ವಂತೆ!"